ಇಷ್ಟೊಂದು ಗುಂಡಿಗಳು ನನಗೆ ಬಾಯಿಪಾಠವಿಲ್ಲ

ವಿದ್ಯುತ್ತಿನಿಂದ ಧ್ವನಿ ಕಟ್ಟುವ ವಾದ್ಯವಾದ ನನ್ನ ಸಿಂಥಸೈಜರನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಇಷ್ಟೊಂದು ಗುಂಡಿಗಳು! ಎಲ್ಲವೂ ನಿಮಗೆ ಬಾಯಿಪಾಠವೇ?" ಮೊದಮೊದಲು ನಗುನಗುತ್ತಾ ವಿವರಿಸುತ್ತಿದ್ದೆ. ಈಗ ತಾಳ್ಮೆ ಉಳಿದಿಲ್ಲ. ಒಮ್ಮೆ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಇಲ್ಲ. ಬಾಯಿಪಾಠವಿಲ್ಲ. ಇರಬೇಕಾಗಿಯೂ ಇಲ್ಲ.

ನನ್ನನ್ನು ಕೆರಳಿಸುವುದು 'ಬಾಯಿಪಾಠ' ಎಂಬ ಆ ಪದವೇ. ಹೊಸ ಮನೆಗೆ ಹೋದವರು ಗೋಡೆಯ ಮೇಲಿನ ಸ್ವಿಚ್ಚುಗಳನ್ನು ಮಗ್ಗಿಯಂತೆ ಉರು ಹೊಡೆಯುತ್ತಾರೆಯೇ? ಬೆಳಕು ಎಲ್ಲಿ ಬೇಕು ಎಂಬುದು ತಿಳಿದಿರುತ್ತದೆ, ಕೈ ಸ್ವಿಚ್ಚನ್ನು ಹುಡುಕಿಕೊಳ್ಳುತ್ತದೆ. ಈ ಪ್ರಶ್ನೆ ಬರೀ ತಪ್ಪು ಪ್ರಶ್ನೆಯಾಗಿದ್ದರೆ ಸುಮ್ಮನಿರುತ್ತಿದ್ದೆ. ಅದು ಹೊಸಬರನ್ನು ಹೆದರಿಸಿ ಓಡಿಸುತ್ತದೆ. ಇದನ್ನೇ ತಲೆಯಲ್ಲಿಟ್ಟುಕೊಂಡು ಕೈಪಿಡಿಯ ಮೊದಲ ಪುಟದಿಂದ ಓದಲು ಕುಳಿತವರು ವಾರದೊಳಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗೆ ಸರಿಸಿದ್ದನ್ನು ಕಂಡಿದ್ದೇನೆ. ನಾನೂ ಹಾಗೆಯೇ ಶುರು ಮಾಡಿದ್ದೆ. ಎರಡು ವಾರ ಕಳೆಯುವಷ್ಟರಲ್ಲಿ ಯಾವ ಮೆನುವಿನ ಒಳಗೆ ಯಾವ ಮೆನು ಇದೆ ಎಂದು ಹೇಳಬಲ್ಲವನಾಗಿದ್ದೆ, ಆದರೆ ನನ್ನದು ಎಂದು ಹೇಳಿಕೊಳ್ಳುವ ಒಂದು ಧ್ವನಿಯೂ ನನ್ನ ಬಳಿ ಇರಲಿಲ್ಲ.

ತಿಳಿಯಬೇಕಾದದ್ದು ಧ್ವನಿ ಸಾಗುವ ದಾರಿ. ಆಸಿಲೇಟರ್ ಅಲೆಯನ್ನು ಹುಟ್ಟಿಸುತ್ತದೆ, ಫಿಲ್ಟರ್ ಅದರಲ್ಲಿ ಬೇಡದ್ದನ್ನು ಸೋಸುತ್ತದೆ, ಆಂಪ್ಲಿಫೈಯರ್ ಅದನ್ನು ಹೊರಗೆ ಬಿಡುತ್ತದೆ. ಯಾವುದು ಯಾವಾಗ ಎಷ್ಟು ತೆರೆಯಬೇಕು ಎಂಬುದನ್ನು ಎನ್ವಲಪ್ ನಿರ್ಧರಿಸುತ್ತದೆ. 1970ರ ಮಿನಿಮೂಗ್ ಎಂಬ ಸಿಂಥಸೈಜರ್ ಈ ದಾರಿಯನ್ನು ತನ್ನ ಫಲಕದ ಮೇಲೆಯೇ ಎಡದಿಂದ ಬಲಕ್ಕೆ ಬರೆದಿಟ್ಟಿತ್ತು: ಮೂರು ಆಸಿಲೇಟರ್, ಪಕ್ಕದಲ್ಲಿ ಅವನ್ನು ಬೆರೆಸುವ ಮಿಕ್ಸರ್, ಆಮೇಲೆ ಫಿಲ್ಟರ್. ಒಂದು ಸಾಲನ್ನು ಓದಿದಂತೆ ಓದಬಹುದು. ಅದಕ್ಕೆ ನೆನಪಿನ ಶಕ್ತಿ ಇರಲಿಲ್ಲ, ಧ್ವನಿ ಬೇಕೆಂದರೆ ಪ್ರತಿಸಲವೂ ಕೈಯಾರೆ ಕಟ್ಟಬೇಕಿತ್ತು. 1978ರಲ್ಲಿ ಪ್ರಾಫೆಟ್-5 ಎಂಬ ಸಿಂಥಸೈಜರ್ ಬಂತು, 40 ಧ್ವನಿಗಳನ್ನು ಉಳಿಸಿಕೊಳ್ಳುವ ಸೌಲಭ್ಯ ತಂದಿತು. ಅಲ್ಲಿಂದಾಚೆಗೆ ಒಳಗೆ ಏನಿದೆ ಎಂದು ನೋಡದೆಯೇ ನುಡಿಸಿಬಿಡುವುದು ಸುಲಭವಾಯಿತು.

"ಅದು ಸರಿ, ತಿರುಗಿಸುವ ಗುಂಡಿಗಳೇ ಇಲ್ಲದ ಯಂತ್ರವಾದರೆ?" ಎಂದು ಕೇಳುವವರಿದ್ದಾರೆ. 1983ರ ಯಮಹಾ ಡಿಎಕ್ಸ್7 ಅಂಥದ್ದು. ಚಪ್ಪಟೆ ಒತ್ತುಗುಂಡಿಗಳ ಸಾಲು, ಎರಡು ಸಾಲಿನ ಪುಟ್ಟ ಪರದೆ, ಮೌಲ್ಯ ಬದಲಿಸಲು ಒಂದೇ ಒಂದು ಜಾರುಗುಂಡಿ. ಒಂದೊಂದು ಧ್ವನಿಗೂ ನೂರಕ್ಕೂ ಹೆಚ್ಚು ಮೌಲ್ಯಗಳು. ಇದನ್ನು ಬಯ್ಯದವರಿಲ್ಲ. ನಾನು ಬಯ್ಯುವುದಿಲ್ಲ. ಕಾರಣ ಹೇಳುತ್ತೇನೆ.

ಒಂದು ಸಂಜೆ ಪರಿಚಯದವರೊಬ್ಬರು ಬಂದಿದ್ದರು. ಡಿಎಕ್ಸ್7ರ 'ಇ. ಪಿಯಾನೊ 1' ಎಂಬ ಹೆಸರಾಂತ ಧ್ವನಿಯನ್ನು ನಾನು ತಿದ್ದುತ್ತಿದ್ದೆ. ಅವರು ಬಾಯಿ ತೆರೆದದ್ದೇ ತಡ, ಅದೇ ಪ್ರಶ್ನೆ. ನನಗೆ ರೇಗಿತು. "ಸ್ವಲ್ಪ ಸುಮ್ಮನಿದ್ದು ಕೇಳಿ" ಎಂದೆ, ಅತಿಥಿಗೆ ಹೇಳಬಾರದಷ್ಟು ಒರಟಾಗಿಯೇ. ಪರದೆಯಲ್ಲಿ ಆಲ್ಗೊರಿದಂ 5 ಎಂದಿತ್ತು, ಪಕ್ಕದಲ್ಲಿ 111111, ಅಂದರೆ ಆರು ಆಪರೇಟರುಗಳೂ ಎಚ್ಚರವಾಗಿವೆ ಎಂದು. ಅಲೆ ಹುಟ್ಟಿಸುವ ಘಟಕಕ್ಕೆ ಈ ಯಂತ್ರದಲ್ಲಿ ಆಪರೇಟರ್ ಎಂದು ಹೆಸರು, ಅವುಗಳನ್ನು ಜೋಡಿಸಿದ ಬಗೆಗೆ ಆಲ್ಗೊರಿದಂ ಎಂದು. ಒಂದು ಸ್ವರ ನುಡಿಸಿದೆ. ಎರಡನೆಯ ಗುಂಡಿ ಒತ್ತಿದೆ. ಸಾಲು 101111 ಆಯಿತು. ಅದೇ ಸ್ವರವನ್ನು ಮತ್ತೆ ನುಡಿಸಿದೆ.

"ಏನು ಹೋಯಿತು?"

ಅವರು ಕ್ಷಣ ಯೋಚಿಸಿ, "ಶುರುವಿನಲ್ಲಿ ಟಿಣ್ ಎನ್ನುತ್ತಿತ್ತಲ್ಲ, ಅದು ಹೋಯಿತು" ಎಂದರು.

"ಹಾಗಾದರೆ ಅದು ಎಲ್ಲಿತ್ತು?"

ಅವರು ಪರದೆಯ ಸೊನ್ನೆಯ ಮೇಲೆ ಬೆರಳಿಟ್ಟರು.

ಅಷ್ಟೇ. ಎರಡನೆಯ ಆಪರೇಟರ್ ಮೂಲ ಶ್ರುತಿಯ 14 ಪಟ್ಟು ಆವರ್ತನದಲ್ಲಿ ಮೊದಲನೆಯದನ್ನು ಅಲುಗಿಸುತ್ತದೆ, ಬೇಗನೆ ಕ್ಷೀಣಿಸುತ್ತದೆ. ಲೋಹಕ್ಕೆ ಸುತ್ತಿಗೆ ತಾಗಿದಂತೆ ಕೇಳುವುದು ಅದರಿಂದ. ಇದೊಂದನ್ನೂ ನಾನು ಅವರಿಗೆ ಹೇಳಿರಲಿಲ್ಲ. ಪರದೆಯ ಹೆಸರುಗಳಲ್ಲಿ ಒಂದೂ ಅವರಿಗೆ ತಿಳಿದಿರಲಿಲ್ಲ. ಆದರೂ ಒಂದೇ ನಿಮಿಷದಲ್ಲಿ, ಎಲ್ಲರೂ ಹೆದರುವ ಯಂತ್ರದೊಳಗೆ ಟಿಣ್ ಎಂಬ ಸದ್ದಿನ ಮನೆ ಯಾವುದೆಂದು ಅವರ ಕಿವಿ ಪತ್ತೆ ಹಚ್ಚಿತ್ತು. ರೇಗಿದ್ದಕ್ಕೆ ಆಮೇಲೆ ಕ್ಷಮೆ ಕೇಳಿದೆ. ಅವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ, ಮೂರನೆಯ ಗುಂಡಿ ಒತ್ತುತ್ತಿದ್ದರು.

ಯಾರಾದರೂ ನನ್ನನ್ನು ಹೀಗೆ ಕೇಳಲಿ ಎಂಬ ಆಸೆ ನನಗಿದೆ: "ಧ್ವನಿ ಸರಿಯಿಲ್ಲ ಅನಿಸಿದಾಗ ಕುಂದು ಎಲ್ಲಿದೆ ಎಂದು ಹೇಗೆ ಹುಡುಕುತ್ತೀರಿ?" ಇದಕ್ಕಾದರೆ ರಾತ್ರಿಯಿಡೀ ಉತ್ತರಿಸುತ್ತೇನೆ.

ಮೊದಲು ಒಂದೊಂದನ್ನೇ ಮೌನವಾಗಿಸುತ್ತೇನೆ. ಎಫೆಕ್ಟುಗಳನ್ನೆಲ್ಲ ಆರಿಸುತ್ತೇನೆ, ಏಕೆಂದರೆ ಪ್ರತಿಧ್ವನಿ ತುಂಬುವ ರಿವರ್ಬ್ ಎಂಥ ಕುಂದನ್ನೂ ಮುಚ್ಚಿಡುತ್ತದೆ. ಫಿಲ್ಟರನ್ನು ಪೂರ್ತಿ ತೆರೆದು, ಫಿಲ್ಟರಿನ ಅಂಚಿನ ಸದ್ದನ್ನು ಎತ್ತಿ ಮೊಳಗಿಸುವ ರೆಸೊನೆನ್ಸನ್ನು ಸೊನ್ನೆಗಿಳಿಸಿ, ಆಸಿಲೇಟರಿನ ಬರಿಯ ಅಲೆಯನ್ನು ಕೇಳುತ್ತೇನೆ. ಅದೇ ಬಡಕಲಾಗಿದ್ದರೆ ಮುಂದೆ ಎಷ್ಟು ತಿದ್ದಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸ್ವರದ ಆರಂಭದಲ್ಲಿ ಟಕ್ ಎಂದು ಬಡಿದರೆ ಅಟ್ಯಾಕ್, ಅಂದರೆ ಸ್ವರ ಏರುವ ಹೊತ್ತು, ತೀರಾ ಚಿಕ್ಕದಾಗಿದೆ, ಕೂದಲೆಳೆಯಷ್ಟು ಏರಿಸಿದರೆ ಸಾಕು. ಕೈ ತೆಗೆದ ಮೇಲೂ ಸ್ವರ ಎಳೆಯುತ್ತಲೇ ಇದ್ದರೆ ರಿಲೀಸ್, ಅಂದರೆ ಸ್ವರ ಆರುವ ಹೊತ್ತು, ಹೆಚ್ಚಾಗಿದೆ. ಮೆಲ್ಲಗೆ ನುಡಿಸಿದಾಗ ಹಿತವಾಗಿದ್ದು ಜೋರಾಗಿ ನುಡಿಸಿದಾಗ ಕಿವಿಗೆ ಚುಚ್ಚಿದರೆ, ಬೆರಳಿನ ಒತ್ತಿಗೆ ಫಿಲ್ಟರ್ ಅತಿಯಾಗಿ ತೆರೆಯುತ್ತಿದೆಯೇ ನೋಡಬೇಕು. ಗುಂಡಿಯನ್ನು ಅಳುಕುತ್ತಾ ತಿರುಗಿಸಬಾರದು: ಒಮ್ಮೆ ಈ ತುದಿಗೆ, ಒಮ್ಮೆ ಆ ತುದಿಗೆ ಒಯ್ದು, ಅದು ಮಾಡುವ ಕೆಲಸವನ್ನು ಕಿವಿ ತುಂಬಾ ಕೇಳಿ, ಬಳಿಕ ನಡುವಿಗೆ ತಂದು ನಿಲ್ಲಿಸಬೇಕು. ಮೆನುವಿನ ಒಳಗೆ ಹೂತುಹೋದ ಮೌಲ್ಯಕ್ಕೂ ಇದೇ ಕ್ರಮ. ಯಾವುದು ಬೇಕೆಂದು ತಿಳಿದಿದ್ದರೆ ಮೆನುವಿನಲ್ಲಿ ಅದನ್ನು ಹುಡುಕುವುದು ಎರಡು ಕ್ಷಣದ ಕೆಲಸ.

ಬಾಯಿಪಾಠ ಮಾಡಿರುವುದು ಒಂದೇ ಒಂದು: ಉಳಿಸುವ ಕ್ರಮ. ಯಾವ ಯಂತ್ರ ಕೈಗೆ ಬಂದರೂ ಮೊದಲು ಕಲಿಯುವುದು ಇದನ್ನೇ. ಡಿಎಕ್ಸ್7ರಲ್ಲಿ ಮೆಮೊರಿಯ ರಕ್ಷಣೆಯನ್ನು ತೆಗೆಯದೆ ಎಷ್ಟು ಒತ್ತಿದರೂ ಏನೂ ಉಳಿಯುವುದಿಲ್ಲ. ಬೇರೆ ಯಂತ್ರಗಳಿಗೆ ಬೇರೆ ಪಟ್ಟು. ಒಮ್ಮೆ ಬೇರೊಂದು ಯಂತ್ರದಲ್ಲಿ ಮೂರು ಗಂಟೆ ಕುಳಿತು ಗಂಟೆಯ ನಾದದಂಥ ಧ್ವನಿಯೊಂದನ್ನು ಕಟ್ಟಿದ್ದೆ. ಪಕ್ಕದ ಪ್ರಿಸೆಟ್ಟಿನೊಡನೆ, ಅಂದರೆ ಮೊದಲೇ ಉಳಿಸಿಟ್ಟ ಧ್ವನಿಯೊಡನೆ, ಹೋಲಿಸೋಣವೆಂದು ಚಕ್ರವನ್ನು ಒಂದು ಹಲ್ಲು ತಿರುಗಿಸಿದೆ. ಹಿಂದಕ್ಕೆ ಬಂದಾಗ ಅಲ್ಲಿದ್ದದ್ದು ಹಳೆಯ ಧ್ವನಿ.

ಮರುದಿನ ಅದನ್ನು ಇಪ್ಪತ್ತು ನಿಮಿಷದಲ್ಲಿ ಮತ್ತೆ ಕಟ್ಟಿದೆ. ದಾರಿ ತಿಳಿದಿತ್ತು. ಬಡಿತ ಅದೇ, ಮೈ ಅದೇ. ನಾದ ಆರುವಾಗ ಮಾತ್ರ ಮೊದಲಿನದು ತುಸು ಕಂಪಿಸಿ ಕೆಳಗಿಳಿಯುತ್ತಿತ್ತು. ಆ ಇಳಿತವನ್ನು ಇನ್ನೂ ಹುಡುಕುತ್ತಿದ್ದೇನೆ.