ಎರಡನೆಯ ಸೂಲಿನ ಲೆಕ್ಕ

ಹಾವೇರಿಯ ಜಾನುವಾರು ಸಂತೆಯಲ್ಲಿ ಎತ್ತು ಕೊಳ್ಳುವವರು ಮೊದಲು ಸುಳಿ ನೋಡುತ್ತಾರೆ, ಆಮೇಲೆ ಕೋಡು, ಮೈಬಣ್ಣ, ನಡಿಗೆ. ಬಾಯಿ ತೆರೆಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ಎಣಿಸುತ್ತಾರೆ. ಅದನ್ನು ಹೆತ್ತ ಆಕಳು ಎಷ್ಟು ಸೂಲು ಕಂಡಿದೆ, ಅಂದರೆ ಎಷ್ಟು ಸಲ ಈದಿದೆ ಎಂದು ಕೇಳಿದವರನ್ನು ನಾನು ನೋಡಿಲ್ಲ. ನಮ್ಮ ಕೊಟ್ಟಿಗೆಯಲ್ಲಿರುವುದು ಎತ್ತಿಗಾಗಿ ಸಾಕುವ ಖಿಲಾರಿ ತಳಿ; ಅವುಗಳಲ್ಲಿ ಒಂದು ಆಕಳು ಹತ್ತು ಕರು ಹಾಕಿತು, ಮೇವು ಹಾಕುವ ಅದೇ ಗ್ವಾದಲಿಯಲ್ಲಿ ಮೇಯ್ದ ಇನ್ನೊಂದು ಒಂದೇ ಸೂಲಿಗೆ ಗೊಡ್ಡಾಯಿತು. ಹೀಗೇಕೆ ಎಂಬ ಪ್ರಶ್ನೆ ನನ್ನನ್ನು ಮಾಂಸಕ್ಕಾಗಿ ಸಾಕುವ ಹೊರದೇಶದ ಹಿಂಡುಗಳ ಕುರಿತ ಓದಿಗೆ ಹಚ್ಚಿತು.

ಉದ್ದೇಶ ಬೇರೆಯಾದರೂ ಲೆಕ್ಕ ಒಂದೇ. ಅಲ್ಲಿಯೂ ಆಕಳನ್ನು ಹಿಂಡುವುದಿಲ್ಲ. ಹಾಲೆಲ್ಲ ಕರುವಿಗೆ, ವರ್ಷಕ್ಕೊಂದು ಕರುವೇ ಅದರ ದುಡಿಮೆ. ಅಮೆರಿಕದ ಬ್ರಾಹ್ಮನ್ ತಳಿಯ ಮೂಲದಲ್ಲಿ ಗೀರ್, ಓಂಗೋಲ್‌ಗಳ ಜೊತೆಗೆ ನಮ್ಮ ಕೃಷ್ಣಾ ಕಣಿವೆಯ ತಳಿಯ ರಕ್ತವೂ ಸೇರಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಗಬ್ಬದ ಅವಧಿ ಸುಮಾರು 285 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಈದ ಮೇಲೆ ಉಳಿಯುವ 80 ದಿನಗಳೊಳಗೆ ಗರ್ಭಕೋಶ ಮೊದಲಿನ ಸ್ಥಿತಿಗೆ ಬಂದು, ಆಕಳು ಬೆದೆಗೆ ಬಂದು, ಗಬ್ಬ ಕಟ್ಟಬೇಕು. ಚೊಚ್ಚಲ ಆಕಳಿಗೆ ಇದು ಎಲ್ಲಕ್ಕಿಂತ ಕಠಿಣ, ಏಕೆಂದರೆ ಅದರ ಮೈ ಇನ್ನೂ ಬೆಳೆಯುತ್ತಿರುತ್ತದೆ, ಹಲ್ಲು ಬದಲಾಗುತ್ತಿರುತ್ತದೆ, ಜೊತೆಗೆ ಕರು ಹಗಲೂ ರಾತ್ರಿ ಮೊಲೆಯುಣ್ಣುತ್ತಿರುತ್ತದೆ; ತಿಂದದ್ದು ಈ ಮೂರಕ್ಕೆ ಹಂಚಿಹೋಗಿ, ಉಳಿದರೆ ಮಾತ್ರ ಬೆದೆ. ಅಲ್ಲಿಯ ರೈತರು ಆಕಳಿನ ಮೈಕಟ್ಟಿಗೆ 1ರಿಂದ (ತೀರ ಬಡಕಲು) 9ರವರೆಗೆ (ತೀರ ಕೊಬ್ಬಿದ್ದು) ಅಂಕ ಕೊಡುತ್ತಾರೆ, ಈಯುವಾಗ 5 ಅಥವಾ ತುಸು ಹೆಚ್ಚು ಇರಲೆಂದು ನೋಡಿಕೊಳ್ಳುತ್ತಾರೆ. ನಮ್ಮಲ್ಲಿ ಅಂಕ ಬೇಕಿಲ್ಲ. ಪಕ್ಕೆಲುಬು ದೂರದಿಂದಲೇ ಎಣಿಸುವಂತಿದ್ದರೆ ಆ ಆಕಳು ಬೇಗ ಗಬ್ಬವಾಗುವುದಿಲ್ಲ. ಬೇಸಿಗೆಯಲ್ಲಿ ಈದ ಚೊಚ್ಚಲಿಗೆ ಗೋವಿನಜೋಳದ ಒಣ ಸೊಪ್ಪೆಯನ್ನಷ್ಟೇ ಹಾಕಿ, ಶೇಂಗಾ ಹಿಂಡಿಯನ್ನೆಲ್ಲ ದುಡಿಯುವ ಎತ್ತುಗಳಿಗೆ ಮೀಸಲಿಡುವ ನಮ್ಮ ಪದ್ಧತಿಯೇ ಎಷ್ಟೋ ಆಕಳುಗಳನ್ನು ಗೊಡ್ಡೆನ್ನಿಸಿದೆ ಎಂಬುದು ನನ್ನ ಅನಿಸಿಕೆ. ನಮ್ಮ ಒಂದೇ ಸೂಲಿನ ಆಕಳು ಈದದ್ದೂ ಚೈತ್ರದಲ್ಲಿ.

ಇನ್ನೂ ಈಯದ ಮಣಕವನ್ನು ಸಾಕಿ ಬೆಳೆಸಿದ ಖರ್ಚು ತೀರಲು ಆಕಳು ಐದಾರು ಕರುಗಳನ್ನಾದರೂ ಹಾಕಬೇಕು ಎಂದು ಆ ಹಿಂಡುಗಳ ಲೆಕ್ಕ ಹೇಳುತ್ತದೆ. ಅಲ್ಲಿ ಗಬ್ಬವಾಗದ ಆಕಳನ್ನು ಮಾಂಸಕ್ಕೆ ಮಾರಿಬಿಡುತ್ತಾರೆ. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ನಮ್ಮಲ್ಲಿ ಆ ದಾರಿಯಿಲ್ಲದ ಕಾರಣ, ಗೊಡ್ಡಾದದ್ದೂ ಕಟ್ಟಿದ ಜಾಗದಲ್ಲಿಯೇ ಉಳಿದು ಬಣವೆಯನ್ನು ಕರಗಿಸುತ್ತದೆ.

ಗಬ್ಬದ ಮಾತು ಬಿಟ್ಟರೆ ಆಯುಷ್ಯವನ್ನು ಮೊಟಕು ಮಾಡುವವು ಕೆಚ್ಚಲು ಮತ್ತು ಗೊರಸು. ಜೋತುಬಿದ್ದ ಕೆಚ್ಚಲಿನ ದಪ್ಪ ಮೊಲೆಯನ್ನು ಹುಟ್ಟಿದ ಕರು ಬಾಯಿಗೆ ಹಿಡಿಯಲಾರದೆ ಗಿಣ್ಣದ ಹಾಲು ತಪ್ಪಿಸಿಕೊಳ್ಳುತ್ತದೆ. ಪರಸಿ ಹಾಸಿದ ಕೊಟ್ಟಿಗೆಯಲ್ಲಿ ದಿನವಿಡೀ ನಿಂತ ಆಕಳಿನ ಗೊರಸು ಅಡ್ಡಾದಿಡ್ಡಿಯಾಗಿ ಬೆಳೆದು ಕಾಲು ಕುಂಟುತ್ತದೆ. ಕಾಲುಬಾಯಿ ಬೇನೆಗೆ ಲಸಿಕೆ ತಪ್ಪಿಸಬಾರದು. 2022ರಲ್ಲಿ ನಮ್ಮ ಜಿಲ್ಲೆಯನ್ನು ಕಾಡಿದ ಚರ್ಮಗಂಟು ರೋಗ ಬದುಕುಳಿದವುಗಳನ್ನೂ ತಿಂಗಳುಗಟ್ಟಲೆ ಸೊರಗಿಸಿತು.

ಈ ವರ್ಷ ನಮ್ಮ ಕೊಟ್ಟಿಗೆಯಲ್ಲಿ ಒಂದು ಚೊಚ್ಚಲು ಈದಿದೆ. ದೊಡ್ಡ ಆಕಳುಗಳು ಹಾಯ್ದು ಮೇವು ಕಸಿಯದಂತೆ ಅದಕ್ಕೆ ಬೇರೆ ಗ್ವಾದಲಿ ಕಟ್ಟಿಸಿದ್ದೇನೆ. ಎತ್ತುಗಳ ಪಾಲಿನ ಹಿಂಡಿಯಲ್ಲಿ ಅರ್ಧ ಅದಕ್ಕೆ ಹೋಗುತ್ತಿರುವುದನ್ನು ಅಪ್ಪ ನೋಡಿದ್ದಾರೆ, ಇನ್ನೂ ಏನೂ ಅಂದಿಲ್ಲ.