ಮೂರು ಆಯಿಲ್, ಎರಡು ಮಳೆಗಾಲ, ಅಟ್ಟದ ಮೇಲಿನ ಕಾವಲಿ

ನವೆಂಬರ್ 2023. ಮೀಟರ್ 61,240

ಈ ಸಲ ಕಾರಿನ ಆಯಿಲ್ ನಾನೇ ಬದಲಾಯಿಸಿದೆ. ಹೋದ ಸಲ ಸರ್ವಿಸ್‌ಗೆ ಕೊಟ್ಟಾಗ ಬಿಲ್ಲಿನಲ್ಲಿ ‘ಫುಲ್ ಸಿಂಥೆಟಿಕ್’ ಅಂತ ಮಾತ್ರ ಇತ್ತು, ಗ್ರೇಡ್ ಯಾವುದು ಅಂತ ಇರಲಿಲ್ಲ. ಕೇಳಿದರೆ ಕೌಂಟರಿನ ಹುಡುಗ “ಒಳ್ಳೇ ಆಯಿಲೇ ಸಾರ್” ಅಂದ. ಆವತ್ತೇ ಈ ಹುಳ ತಲೆಗೆ ಹೊಕ್ಕಿತು.

ಕಾರು 2015ರದ್ದು. 1.2 ಲೀಟರ್ ಪೆಟ್ರೋಲ್, ಟರ್ಬೊ ಇಲ್ಲ. ಉಡುಪಿಯ ಅಂಬಲಪಾಡಿಯಿಂದ ಮಣಿಪಾಲಕ್ಕೆ ಆಫೀಸು, ನಡುವೆ ಮಕ್ಕಳ ಶಾಲೆ, ಭಾನುವಾರ ಸುರತ್ಕಲ್‌ನಲ್ಲಿರುವ ಹೆಂಡತಿಯ ಮನೆ. ಅಷ್ಟೇ ಅದರ ಪ್ರಪಂಚ. ಮ್ಯಾನುಯಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಗ್ರೇಡ್‌ಗಳಿಗೆ ಒಪ್ಪಿಗೆ ಇದೆ. ಹಾಗಾಗಿ ಒಂದೇ ಕಂಪೆನಿಯ ಮೂರು ಸಿಂಥೆಟಿಕ್ ಆಯಿಲ್‌ಗಳನ್ನು ಒಂದಾದ ಮೇಲೆ ಒಂದು ಹಾಕಿ, ತಲಾ 5,000 ಕಿ.ಮೀ. ಓಡಿಸಿ ನೋಡುವುದು ಅಂತ ಲೆಕ್ಕ ಹಾಕಿದೆ. ಮೊದಲು 5ಡಬ್ಲ್ಯೂ-30, ಆಮೇಲೆ 0ಡಬ್ಲ್ಯೂ-20, ಕೊನೆಗೆ 5ಡಬ್ಲ್ಯೂ-40. ಡಬ್ಲ್ಯೂಗೆ ಮೊದಲಿನ ಸಂಖ್ಯೆ ಚಳಿಯಲ್ಲಿ, ಆಮೇಲಿನದು ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಅಂತ ಹೇಳುತ್ತದೆ.

ಮೊದಲ ದಿನವೇ ಎಡವಟ್ಟು. ಫಿಲ್ಟರ್ ಬಿಚ್ಚುವಾಗ ಆಯಿಲ್ ಕೈ ಮೇಲಿಂದ ಇಳಿದು ಮೊಣಕೈವರೆಗೆ ಬರುತ್ತದೆ. ಅದಕ್ಕೆ ಒಂದು ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ದೋಣಿಯ ಹಾಗೆ ಮಡಚಿ ಫಿಲ್ಟರಿನ ಅಡಿಗೆ ಸಿಕ್ಕಿಸಿದ್ದೆ. ಆಯಿಲೆಲ್ಲ ಚೆಂದವಾಗಿ ಬೇಸಿನ್‌ಗೆ ಇಳಿಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಹೊಸ ಫಿಲ್ಟರ್ ಬಿಗಿದು, ಆಯಿಲ್ ಹೊಯ್ದು, ಸ್ಟಾರ್ಟ್ ಮಾಡಿದ ಹತ್ತೇ ಸೆಕೆಂಡಿಗೆ ಅಂಗಳದಲ್ಲಿ ಜೇನಿನ ಬಣ್ಣದ ಕೆರೆ! ಹಳೇ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡು ಉಳಿದಿತ್ತು. ನಾನು ನೋಡದೆ ಅದರ ಮೇಲೇ ಹೊಸದನ್ನು ಕೂರಿಸಿದ್ದೆ. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಪ್ರೆಷರ್‌ಗೆ ನಿಲ್ಲುವುದಿಲ್ಲ. ಎರಡು ಲೀಟರ್ ಹೊಸ ಆಯಿಲ್ ಹೋಯಿತು, ಅರ್ಧ ಮೂಟೆ ಮರದ ಹುಡಿ ಬೇಕಾಯಿತು. ಅಂದಿನಿಂದ ಫಿಲ್ಟರ್ ಬಿಚ್ಚಿದ ಕೂಡಲೇ ಹಳೇ ರಿಂಗ್ ಅದರಲ್ಲೇ ಇದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡುತ್ತೇನೆ.

ಡಿಸೆಂಬರ್ 2023

ಕಾರಿಗಿಂತ ಜಾಸ್ತಿ ಕಾಗದದ ಕೆಲಸ ಆಯಿತು. ಡಬ್ಬದ ಮೇಲಿನ ಮಾತು ಬಿಟ್ಟು, ಕಂಪೆನಿಗಳು ಕೊಡುವ ಡೇಟಾ ಶೀಟ್‌ಗಳನ್ನು ಎದುರಿಗೆ ಇಟ್ಟುಕೊಂಡು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಬರೆದೆ.

‘ಸಿಂಥೆಟಿಕ್’ ಅನ್ನುವ ಶಬ್ದದಿಂದ ಒಳಗೆ ಏನಿದೆ ಅಂತ ತಿಳಿಯುವುದಿಲ್ಲ. ಡಬ್ಬದಲ್ಲಿ ಹೆಚ್ಚಿನ ಪಾಲು ಇರುವ ಮೂಲ ಎಣ್ಣೆಯನ್ನು, ಅಂದರೆ ಬೇಸ್ ಆಯಿಲನ್ನು, ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಐದು ಗುಂಪು ಮಾಡಿದೆ. ಮೊದಲ ಮೂರು ಹೆಚ್ಚಾಗಿ ಕಚ್ಚಾತೈಲದಿಂದ ಬಂದದ್ದು. ಮೂರನೆಯದನ್ನು ಹೈಡ್ರೋಜನ್ ಜೊತೆ ಜೋರಾಗಿ ಸಂಸ್ಕರಿಸಿ, ಗಂಧಕ 0.03 ಶೇಕಡಕ್ಕೆ ಇಳಿಸಿ, ವಿಸ್ಕಾಸಿಟಿ ಇಂಡೆಕ್ಸ್ 120ರ ಮೇಲೆ ತಂದಿರುತ್ತಾರೆ. ಈ ಇಂಡೆಕ್ಸ್ ಹೆಚ್ಚಿದ್ದಷ್ಟೂ ಬಿಸಿಗೆ ಆಯಿಲ್ ತೆಳುವಾಗುವುದು ಕಮ್ಮಿ. ನಾಲ್ಕನೆಯದು ಪಿಎಒ, ಅಂದರೆ ಸಣ್ಣ ಅಣುಗಳನ್ನು ಜೋಡಿಸಿ ಕಟ್ಟಿದ್ದು. ಎಸ್ಟರ್ ಮತ್ತು ಉಳಿದದ್ದೆಲ್ಲ ಐದನೆಯದು. ಒಂದು ಕಾಲದಲ್ಲಿ ಸಿಂಥೆಟಿಕ್ ಅಂದರೆ ಕಡೆಯ ಎರಡು ಮಾತ್ರ ಅಂತ ಲೆಕ್ಕ. ಅಮೆರಿಕದಲ್ಲಿ ಕ್ಯಾಸ್ಟ್ರಾಲ್ ತನ್ನ ಸಿಂಥೆಟಿಕ್‌ಗೆ ಮೂರನೇ ಗುಂಪಿನ ಬೇಸ್ ಹಾಕಲು ಶುರು ಮಾಡಿದಾಗ ಮೊಬಿಲ್ ತಕರಾರು ಎತ್ತಿತು. 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಕ್ಯಾಸ್ಟ್ರಾಲ್ ಪರವಾಗಿ ಹೇಳಿತು. ಅಂದಿನಿಂದ ಮೂರನೇ ಗುಂಪಿಗೂ ಆ ಹೆಸರು ಸಲ್ಲುತ್ತದೆ. ಇದರಲ್ಲಿ ಮೋಸ ಏನೂ ಇಲ್ಲ ಅಂತ ನನ್ನ ಅಭಿಪ್ರಾಯ. ಪಿಎಒ ಒಂದನ್ನೇ ಹಾಕಿದರೂ ಕಷ್ಟ ಇದೆ. ಆಯಿಲ್‌ಗೆ ಬೆರೆಸುವ ಬೇರೆ ರಾಸಾಯನಿಕಗಳು, ಅಂದರೆ ಅಡಿಟಿವ್, ಅದರಲ್ಲಿ ಸರಿಯಾಗಿ ಕರಗುವುದಿಲ್ಲ, ಇಂಜಿನಿನ ರಬ್ಬರ್ ಸೀಲ್‌ಗಳು ಕುಗ್ಗುತ್ತವೆ. ಅದಕ್ಕೆ ಸ್ವಲ್ಪ ಎಸ್ಟರ್ ಬೆರೆಸಬೇಕಾಗುತ್ತದೆ.

ನನಗೆ ನಿಜಕ್ಕೂ ಕಣ್ಣು ತೆರೆಸಿದ್ದು 5ಡಬ್ಲ್ಯೂ-30 ಅನ್ನುವ ಸಂಖ್ಯೆ. ಎರಡು ಡಬ್ಬ ಪಕ್ಕಪಕ್ಕ ಇವೆ ಅಂತ ಇಟ್ಟುಕೊಳ್ಳಿ. ಎರಡರ ಮೇಲೂ ಅದೇ 5ಡಬ್ಲ್ಯೂ-30. ಒಂದು ಎಪಿಐ ಎಸ್‌ಪಿ ದರ್ಜೆಯದ್ದು, ಇನ್ನೊಂದು ಯುರೋಪಿನ ಕಾರು ತಯಾರಕರ ಸಂಘ ಎಸಿಇಎ ಹೇಳುವ ಸಿ3 ದರ್ಜೆಯದ್ದು. ಮೂವತ್ತರ ಗ್ರೇಡ್ ಅಂದರೆ 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ಸ್ (ದಪ್ಪದ ಅಳತೆ) ಒಳಗೆ ಎಲ್ಲಿ ಬೇಕಾದರೂ ಇರಬಹುದು. ಒಂದು ಆ ತುದಿ, ಇನ್ನೊಂದು ಈ ತುದಿ. ಇನ್ನೊಂದು ಅಳತೆ ಎಚ್‌ಟಿಎಚ್‌ಎಸ್. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗಿನ ಸಂದಿಯಲ್ಲಿ ಸಿಕ್ಕಿಕೊಂಡ ಹಾಗೆ ಉಜ್ಜಿ ನೋಡುವ ದಪ್ಪ ಅದು. ಮೂವತ್ತರ ಗ್ರೇಡ್‌ಗೆ 2.9 ಇದ್ದರೆ ಸಾಕು, ಸಿ3 ಆದರೆ 3.5 ಇರಲೇಬೇಕು. 5ಡಬ್ಲ್ಯೂ-40ಕ್ಕೂ ಕನಿಷ್ಠ ಅದೇ 3.5. ಅಂದರೆ ಬಿಸಿ ಬೇರಿಂಗಿನಲ್ಲಿ ಸಿ3ಯ ಮೂವತ್ತು ಹೆಚ್ಚುಕಡಿಮೆ ನಲವತ್ತರ ಕೆಲಸವನ್ನೇ ಮಾಡುತ್ತದೆ. ಅಂಗಡಿಯವರು “ಎರಡೂ ಒಂದೇ” ಅಂದರೆ ನಂಬಬೇಡಿ.

ಡಬ್ಲ್ಯೂ ಜೊತೆಗಿನ ಮೊದಲ ಸಂಖ್ಯೆಯ ಬಗ್ಗೆ ಜಗಳ ಆಡುವವರನ್ನು ನೋಡಿದರೆ ನಗು ಬರುತ್ತದೆ. 5ಡಬ್ಲ್ಯೂ ಪರೀಕ್ಷೆ ಮಾಡುವುದು ಮೈನಸ್ 30 ಡಿಗ್ರಿಯಲ್ಲಿ, 0ಡಬ್ಲ್ಯೂ ಮೈನಸ್ 35ರಲ್ಲಿ. ನಮ್ಮಲ್ಲಿ ಬೆಳಿಗ್ಗೆ 20 ಡಿಗ್ರಿಗೆ ಇಳಿದರೆ ಮಫ್ಲರ್ ಹುಡುಕುತ್ತೇವೆ, ಅಲ್ವಾ? ಆದರೂ ನಮ್ಮ ಸೆಕೆಯಲ್ಲೂ ತಣ್ಣಗಿನ ಇಂಜಿನ್‌ಗೆ ಯಾವ ಆಯಿಲೂ ದಪ್ಪವೇ. ನನ್ನ 5ಡಬ್ಲ್ಯೂ-40 ಶೀಟ್ ಪ್ರಕಾರ 40 ಡಿಗ್ರಿಯಲ್ಲಿ 85 ಸೆಂಟಿಸ್ಟೋಕ್ಸ್, 100 ಡಿಗ್ರಿಯಲ್ಲಿ 14. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ‘ತೆಳು’ ಆಯಿಲ್ ಅನ್ನುವುದೇ ಇಲ್ಲ.

ಮೇ 2024. ಮೀಟರ್ 66,310

5ಡಬ್ಲ್ಯೂ-30 ಇಳಿಸಿದೆ. ಮಾಡಿದ ಪರೀಕ್ಷೆ ಮೂರು.

ಒಂದು, ಕಾಫಿ ಫಿಲ್ಟರ್ ಕಾಗದದ ಮೇಲೆ ಒಂದು ಹನಿ ಬಿಟ್ಟು ರಾತ್ರಿ ಇಡುವುದು. ಮಸಿ ಅಂಚಿನವರೆಗೆ ಸಮವಾಗಿ ಹರಡಿದರೆ ಮಸಿ ಗಂಟು ಕಟ್ಟದಂತೆ ನೋಡಿಕೊಳ್ಳುವ ಅಡಿಟಿವ್, ಅಂದರೆ ಡಿಸ್ಪರ್ಸೆಂಟ್, ಇನ್ನೂ ಕೆಲಸ ಮಾಡುತ್ತಿದೆ ಅಂತ ಅರ್ಥ. ನಡುವೆ ಕಪ್ಪು ಬೊಟ್ಟಿನ ಹಾಗೆ ನಿಂತರೆ ಅದರ ಕಥೆ ಮುಗಿದಿದೆ. ನನ್ನದು ಚೆನ್ನಾಗಿ ಹರಡಿತ್ತು.

ಎರಡು, 20 ಎಂಎಲ್ ಸಿರಿಂಜ್. ಸೂಜಿಯೂ ಬೇಡ, ದಂಡವೂ ಬೇಡ. ಆಯಿಲ್ ಬಾಟ್ಲಿಯನ್ನು 40 ಡಿಗ್ರಿ ನೀರಿನ ಚೆಂಬಿನಲ್ಲಿ ಇಟ್ಟು ಬಿಸಿ ಮಾಡಿ, 20ರ ಗೆರೆಯಿಂದ 5ರ ಗೆರೆಗೆ ಇಳಿಯಲು ಎಷ್ಟು ಸೆಕೆಂಡ್ ಅಂತ ನೋಡುವುದು. ಲ್ಯಾಬಿನ ಮುಂದೆ ಇದು ಮಕ್ಕಳಾಟವೇ. ಆದರೆ ಅದೇ ಸಿರಿಂಜ್, ಅದೇ ಬಿಸಿ ಇದ್ದರೆ ಹೋಲಿಸಲು ಸಾಕು. ಹೊಸತು 41 ಸೆಕೆಂಡ್, ಇಳಿಸಿದ್ದು 39.

ಮೂರನೆಯದಕ್ಕೆ ಅಮ್ಮನ ಅಪ್ಪಣೆ ಬೇಕಾಯಿತು. ಕಾದ ಕಬ್ಬಿಣದ ಮೇಲೆ ಒಂದು ಹನಿ ಆಯಿಲ್ ಬಿಟ್ಟರೆ, ಅದರಲ್ಲಿ ಸಾವಿರಕ್ಕೆ ಒಂದು ಪಾಲು ನೀರಿದ್ದರೂ ಚಟಪಟ ಅನ್ನುತ್ತದೆ. ನಾನು ಕಾವಲಿಗೆ ಕೈ ಹಾಕಿದ್ದೇ ತಡ, “ಎಂತ ಮಾಡ್ತಾ ಇದ್ದಿ? ಅದು ನೀರುದೋಸೆದ್ದು, ಮುಟ್ಟಿದ್ರೆ ನೋಡು” ಅಂದರು. ಕೊನೆಗೆ ಅಟ್ಟದಿಂದ ಹಿಡಿ ಮುರಿದ ಹಳೇ ಕಾವಲಿ ಸಿಕ್ಕಿತು. ಹೊರಗೆ ಜಗಲಿಕಟ್ಟೆಯ ಮೇಲೆ ಸಣ್ಣ ಗ್ಯಾಸ್ ಒಲೆ. ನೀರಿನ ಹನಿ ಚುಂಯ್ ಎಂದು ಆರುವಷ್ಟು ಕಾಯಿಸಿ, ಒಲೆ ಆರಿಸಿ, ಆಯಿಲ್ ಬಿಟ್ಟೆ. ಸದ್ದಿಲ್ಲ. ಹನಿ ಸುಮ್ನೆ ಹರಡಿ ಸಣ್ಣಗೆ ಹೊಗೆ ಬಿಟ್ಟಿತು.

ತುಳುನಾಡಿನ ಕೋಲ, ಜಾತ್ರೆಗಳ ಕಾಲ ಮುಗಿಯುವ ಪತ್ತನಾಜೆ ಕಳೆದ ಮರುದಿನ 0ಡಬ್ಲ್ಯೂ-20 ಹಾಕಿದೆ. ಪರಿಚಯದ ಮೆಕ್ಯಾನಿಕ್ ಅಣ್ಣ ಡಿಪ್‌ಸ್ಟಿಕ್ ಒರೆಸಿ ಬೆರಳಲ್ಲಿ ತಿಕ್ಕಿ ನೋಡಿದರು. “ಎಂತ ಮಾರಾಯ್ರೆ ಇದು, ನೀರಿನ ಹಾಗುಂಟು!” ಅವರು ಅಂಬಾಸಡರ್‌ಗೆ 20ಡಬ್ಲ್ಯೂ-50 ಹೊಯ್ದು ಕೈ ಪಳಗಿಸಿಕೊಂಡವರು.

ಅಕ್ಟೋಬರ್ 2024. ಮೀಟರ್ 70,480

ಮಳೆಗಾಲದಲ್ಲಿ ಓಡಾಟ ಕಡಿಮೆ, 4,200 ಕಿ.ಮೀ.ಗೂ ಕಡಿಮೆಯಲ್ಲೇ ಇಳಿಸಿದೆ. ಹೊಸ 0ಡಬ್ಲ್ಯೂ-20 ಸಿರಿಂಜ್‌ನಲ್ಲಿ 31 ಸೆಕೆಂಡ್ ಇತ್ತು. ಇಳಿಸಿದ್ದು 26. ಕಾವಲಿಗೆ ಹಾಕಿದರೆ ಸಾಸಿವೆ ಸಿಡಿದ ಹಾಗೆ ಸಿಡಿಯಿತು! ಆಯಿಲ್ ಹೊಯ್ಯುವ ಫಿಲ್ಲರ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಬಿಳಿ ಲೇಪ.

ತೆಳು ಆಯಿಲ್ ನಮ್ಮೂರಿಗೆ ಆಗುವುದಿಲ್ಲ ಅಂತ ತೀರ್ಮಾನ ಬರೆದು, ಕೆಳಗೆ ಎರಡು ಗೆರೆಯನ್ನೂ ಎಳೆದೆ. ಮೆಕ್ಯಾನಿಕ್ ಅಣ್ಣ “ನಾನು ಆಗ್ಲೇ ಹೇಳಿದ್ದೆ” ಅಂದರು.

ಮೇ 2025. ಮೀಟರ್ 75,560

5ಡಬ್ಲ್ಯೂ-40. ಹೊಸತು 58 ಸೆಕೆಂಡ್, ಇಳಿಸಿದ್ದು 52. ಕಾವಲಿಯಲ್ಲಿ ಸದ್ದಿಲ್ಲ. ಕಾಗದದ ಮೇಲೂ ತೊಂದರೆ ಇಲ್ಲ. ಈ ನಡುವೆ ಒಂದು ಸಲ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿ ಬಂದಿದ್ದೆ. ಎರಡನೇ ಗೇರಿನಲ್ಲಿ ಅಷ್ಟೂ ತಿರುವು ಹತ್ತಿದರೂ ಇಂಜಿನ್ ಸದ್ದಿನಲ್ಲಿ ನನಗೆ ವ್ಯತ್ಯಾಸ ಕೇಳಿಸಲಿಲ್ಲ. ‘ಈ ಆಯಿಲ್ ಹಾಕಿದ ಮೇಲೆ ಇಂಜಿನ್ ಬೆಣ್ಣೆ’ ಅನ್ನುವವರ ಕಿವಿ ನನ್ನದಕ್ಕಿಂತ ಚುರುಕಿರಬೇಕು. ಮೈಲೇಜ್ ಲೆಕ್ಕವನ್ನೂ ಕೈಬಿಟ್ಟೆ. ಎಸಿ, ಕಲ್ಸಂಕದ ಟ್ರಾಫಿಕ್, ಟಯರ್ ಗಾಳಿ ಇವುಗಳ ನಡುವೆ ಆಯಿಲ್ ತಂದ ವ್ಯತ್ಯಾಸ ಎಲ್ಲಿ ಅಂತ ಹುಡುಕುವುದು?

52 ಸೆಕೆಂಡ್ ಅಂದರೆ ಹತ್ತರಲ್ಲಿ ಒಂದು ಪಾಲು ಇಳಿದಿದೆ. ಇಂಥದ್ದೇ ಹೋದ ವರ್ಷದ ಬೇಸಗೆಯಲ್ಲಿ 5ಡಬ್ಲ್ಯೂ-30 ಇಷ್ಟು ಇಳಿದಿರಲಿಲ್ಲ. ಇದಕ್ಕೆ ಪಾಲಿಮರ್ ಕಾರಣ ಇರಬೇಕು. 5 ಮತ್ತು 40ರ ನಡುವಿನ ದೂರ ಜಾಸ್ತಿ. ಅದನ್ನು ತುಂಬಲು ಬಿಸಿಯಲ್ಲಿ ಆಯಿಲ್ ತೀರಾ ತೆಳುವಾಗದಂತೆ ತಡೆಯುವ ಉದ್ದ ಸರಪಳಿಯ ಪಾಲಿಮರ್, ಅಂದರೆ ವಿಸ್ಕಾಸಿಟಿ ಇಂಪ್ರೂವರ್, ಜಾಸ್ತಿ ಹಾಕಬೇಕು. ಟೈಮಿಂಗ್ ಚೈನ್, ಪಂಪ್‌ಗಳ ಹಲ್ಲಿಗೆ ಸಿಕ್ಕಿ ಆ ಸರಪಳಿಗಳು ತುಂಡಾಗುತ್ತವೆ. ಬೇಸ್ ಆಯಿಲಿನ ಇಂಡೆಕ್ಸ್ ಹೆಚ್ಚಿದ್ದಷ್ಟೂ ಈ ಪಾಲಿಮರ್ ಕಮ್ಮಿ ಸಾಕು. ಸಿಂಥೆಟಿಕ್‌ಗೆ ಕೊಡುವ ಹೆಚ್ಚಿನ ದುಡ್ಡಿಗೆ ನನಗೆ ಒಪ್ಪಿಗೆಯಾದ ಕಾರಣ ಇದೊಂದು.

ನೋಟ್‌ಬುಕ್ ಮೊದಲಿನಿಂದ ತಿರುವಿ ಹಾಕುವಾಗ ತಪ್ಪು ಕಣ್ಣಿಗೆ ಬಿತ್ತು. ಮೂರರಲ್ಲಿ ಎರಡು ಆಯಿಲ್ ಒಣ ತಿಂಗಳಲ್ಲಿ ಓಡಿದ್ದು. ಮಳೆ ಕಂಡದ್ದು 0ಡಬ್ಲ್ಯೂ-20 ಮಾತ್ರ. ನಾನು ಅಳೆದದ್ದು ಆಯಿಲನ್ನೋ ಮಳೆಗಾಲವನ್ನೋ? ಎರಡು ಗೆರೆ ಎಳೆದ ತೀರ್ಮಾನದ ಮೇಲೆ ಅಡ್ಡ ಗೀಟು ಹಾಕಿದೆ. ಈ ಮಳೆಗಾಲಕ್ಕೆ ಪುನಃ ಅದೇ ಮೊದಲಿನ 5ಡಬ್ಲ್ಯೂ-30.

ಆಗಸ್ಟ್ 2025, ತುಳು ತಿಂಗಳು ಆಟಿಯ ಕಡೆಯ ವಾರ

ಮುಚ್ಚಳ ತೆರೆದೆ. ಅದೇ ಬಿಳಿ ಕೆನೆ. ಈ ಸಲ ದಪ್ಪ ಆಯಿಲ್‌ನಲ್ಲಿ!

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಹೆಚ್ಚುಕಡಿಮೆ ಎಲ್ಲವೂ ಸೈಲೆನ್ಸರಿನಲ್ಲಿ ಹೋದರೂ ಸ್ವಲ್ಪ ಆವಿ ಪಿಸ್ಟನ್ ರಿಂಗ್ ದಾಟಿ ಆಯಿಲ್ ಇರುವ ಕಡೆ ನುಗ್ಗುತ್ತದೆ. ಜೊತೆಗೆ ಉರಿಯದ ಪೆಟ್ರೋಲ್, ಆಯಿಲನ್ನು ತೆಳು ಮಾಡುವುದು ಅದೇ. ಆಯಿಲ್ ಚೆನ್ನಾಗಿ ಕಾದರೆ ಎರಡೂ ಆವಿಯಾಗಿ ಬ್ರೀದರ್ ಕೊಳವೆಯ ದಾರಿಯಲ್ಲಿ ಹೊರಟು ಹೋಗುತ್ತವೆ. ಆದರೆ ಕಾಯಲು ಬಿಟ್ಟರೆ ತಾನೆ! ಟೆಂಪರೇಚರ್ ಮುಳ್ಳು ತೋರಿಸುವುದು ಕೂಲೆಂಟಿನ ಬಿಸಿ. ಆಯಿಲ್ ಕಾಯಲು ಅದಕ್ಕಿಂತ ತುಂಬ ಹೊತ್ತು ಬೇಕು. ಮಣಿಪಾಲದ ಟೈಗರ್ ಸರ್ಕಲ್ ಹತ್ತಿರ ಬರುವಾಗ ನನ್ನ ಆಯಿಲ್ ಆಗ ತಾನೆ ಬೆಚ್ಚಗಾಗಿರುತ್ತದೆ, ಅಷ್ಟರಲ್ಲಿ ಪಾರ್ಕಿಂಗ್. ಮಳೆಗಾಲದಲ್ಲಿ ಮಕ್ಕಳನ್ನು ಶಾಲೆಗೆ ಬಿಡುವ ಎರಡೆರಡು ಕಿಲೋಮೀಟರ್ ಸವಾರಿ ಬೇರೆ, ಸುರತ್ಕಲ್ ಪ್ರಯಾಣ ಬಂದ್.

ಭಾನುವಾರ ಕೆಲಸ ಇಲ್ಲದಿದ್ದರೂ ಕಾರ್ಕಳಕ್ಕೆ ಹೋಗಿ ಬಂದೆ, 70 ಕಿ.ಮೀ. ಮೇಲೆ ಆಯಿತು. ಮನೆಯಲ್ಲಿ “ಆಯಿಲ್ ಕಾಯಿಸಲು ಹೋಗಿದ್ದೆ” ಅಂದರೆ ಯಾರೂ ನಂಬಲಿಲ್ಲ. ಆದರೆ ಮುಚ್ಚಳದ ಕೆನೆ ಮುಕ್ಕಾಲು ಮಾಯ.

ನವೆಂಬರ್ 2025. ಮೀಟರ್ 79,890

5ಡಬ್ಲ್ಯೂ-30, ಮಳೆಗಾಲದ್ದು: 35 ಸೆಕೆಂಡ್. ಅದೇ ಆಯಿಲ್ ಬೇಸಗೆಯಲ್ಲಿ 39 ಇತ್ತು. ಹೊಸತಿನ 41ಕ್ಕೆ ಹೋಲಿಸಿದರೆ ಆರೇಳರಲ್ಲಿ ಒಂದು ಪಾಲು ತೆಳುವಾಗಿದೆ. 0ಡಬ್ಲ್ಯೂ-20 ಇಳಿದದ್ದೂ ಅಷ್ಟೇ ಪಾಲು. ಕಾವಲಿಯಲ್ಲಿ ಸಣ್ಣ ಚಟಪಟ ಒಂದೆರಡು. ಕಾರ್ಕಳದ ಸವಾರಿಗಳಿಂದ ನೀರು ಹೋಗಿದೆ, ಪೆಟ್ರೋಲ್ ಪೂರ್ತಿ ಹೋಗಿಲ್ಲ ಅಂತ ಕಾಣುತ್ತದೆ. ಹೋದ ವರ್ಷ 0ಡಬ್ಲ್ಯೂ-20 ಮೇಲೆ ಹೊರಿಸಿದ ಅಪವಾದ ವಾಪಸ್ ತೆಗೆದುಕೊಂಡಿದ್ದೇನೆ.

ಇಳಿಸಿದ ಆಯಿಲನ್ನು ನೆರೆಮನೆಯವರು ಬೇಲಿ ಕಂಬದ ಗೆದ್ದಲಿಗೆ ಕೇಳಿದರು. ಕೊಡಲಿಲ್ಲ, ಬೇಜಾರು ಮಾಡಿಕೊಂಡರು. ನಮ್ಮದು ಮುರಕಲ್ಲಿನ ನೆಲ, ಮೇಲೆ ಹೊಯ್ದದ್ದು ಬಾವಿಗೆ ಇಳಿಯಲು ಒಂದು ಮಳೆ ಸಾಕು. ಕ್ಯಾನಿನಲ್ಲಿ ತುಂಬಿಸಿ ಮೆಕ್ಯಾನಿಕ್ ಅಣ್ಣನಿಗೆ ಕೊಟ್ಟೆ. ಅವರಲ್ಲಿ ಡ್ರಮ್ ತುಂಬಿದಾಗ ರೀಸೈಕ್ಲಿಂಗ್‌ನವರು ಬಂದು ಒಯ್ಯುತ್ತಾರೆ.

ಈಗ ಒಳಗಿರುವುದು 0ಡಬ್ಲ್ಯೂ-20, ಈ ಸಲ ಒಣ ತಿಂಗಳಿಗೆ. ಮೇ ತಿಂಗಳಿಗೆ ಸಿರಿಂಜ್ ಮತ್ತೆ ಹೊರಬರುತ್ತದೆ. 5ಡಬ್ಲ್ಯೂ-40ಕ್ಕೂ ಒಂದು ಮಳೆಗಾಲ ಬಾಕಿ ಇದೆ. ಕಾವಲಿಯನ್ನು ಮಾತ್ರ ಅಟ್ಟಕ್ಕೆ ವಾಪಸ್ ಇಡಲು ಅಮ್ಮ ಬಿಡಲಿಲ್ಲ. ಈಗ ಅದು ಶೆಡ್ಡಿನಲ್ಲಿ, ಜಾಕಿನ ಪಕ್ಕ.