ಮೋಸೆಲ್ ದಂಡೆಯ ಲಾಗ್: ಹನ್ನೆರಡು ಗುಡ್ಡ, ಒಂದೇ ದ್ರಾಕ್ಷಿ

ಪ್ರಾಜೆಕ್ಟ್ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಜರ್ಮನಿಯ ಮೋಸೆಲ್ ನದಿ ದಂಡೆಯಲ್ಲಿ ಹತ್ತು ದಿನದ ರಜೆ. ಅಕ್ಟೋಬರ್ ಶುರು, ಕೊಯ್ಲಿನ ಕಾಲ. ಹನ್ನೆರಡು ದ್ರಾಕ್ಷಿ ಗುಡ್ಡ ಆರಿಸಿಕೊಂಡಿದ್ದೇನೆ. ಎಲ್ಲದರಲ್ಲೂ ಮುಖ್ಯವಾಗಿ ಬೆಳೆಯುವುದು ರೀಸ್ಲಿಂಗ್ ಅನ್ನುವ ಒಂದೇ ಬಿಳಿ ದ್ರಾಕ್ಷಿ. ಮೊದಲು ಗುಡ್ಡ ಹತ್ತಬೇಕು, ಆಮೇಲೆ ಅದರ ವೈನ್ ಕುಡಿಯಬೇಕು. ಹತ್ತದ ಗುಡ್ಡದ ವೈನ್ ಲೆಕ್ಕಕ್ಕಿಲ್ಲ. ರಜೆ ಮುಗಿಯುವಷ್ಟರಲ್ಲಿ ಲೇಬಲ್ ನೋಡದೆ ಕುಡಿದರೂ ಇದು ಇಂಥ ಗುಡ್ಡದ್ದು ಅಂತ ಹೇಳುವ ಹಾಗಾಗಬೇಕು, ಅದೇ ಗುರಿ.

ಜೊತೆಗೆ ತಂಗಿ ಬಂದಿದ್ದಾಳೆ. ಅವಳು ವೈನ್ ಮುಟ್ಟುವುದಿಲ್ಲ, ಸೈಕಲ್ ಅಂದರೆ ಜೀವ. ನನಗೆ ಪರೀಕ್ಷೆ ಇಡುವ ಕೆಲಸ ಅವಳದು.

ದಿನ 1. ಟ್ರಿಯರ್. ಎಣಿಕೆ 0/12

ಇವತ್ತು ಗುಡ್ಡ ಇಲ್ಲ, ಬರೀ ಮ್ಯೂಸಿಯಂ. ನೋಡಲೇಬೇಕು ಅಂದುಕೊಂಡಿದ್ದು ಒಂದು ಕಲ್ಲಿನ ಹಡಗು. 3ನೇ ಶತಮಾನದ್ದು, ಒಬ್ಬ ರೋಮನ್ ವೈನ್ ವ್ಯಾಪಾರಿಯ ಸಮಾಧಿಯ ಮೇಲಿದ್ದದ್ದು, 1878ರಲ್ಲಿ ನೊಯ್‌ಮಾಗೆನ್ ಊರಿನಲ್ಲಿ ಸಿಕ್ಕಿತು. ಹಡಗಿನಲ್ಲಿ ಸಾಲಾಗಿ ದೊಡ್ಡ ಪೀಪಾಯಿಗಳು, ಹುಟ್ಟು ಹಾಕುವವರು. ಹಡಗು ನಡೆಸುವವರಲ್ಲೊಬ್ಬನ ಮುಖದಲ್ಲಿ ನಗು ಇದೆ. ಸುಮಾರು 1800 ವರ್ಷದ ಹಿಂದೆ ಕೆತ್ತಿದ ಆ ನಗು ಇನ್ನೂ ಅಳಿಸಿಲ್ಲ. ತಂಗಿ ಅವನೆದುರು ತುಂಬಾ ಹೊತ್ತು ನಿಂತಿದ್ದಳು. ಈ ನದಿಯಲ್ಲಿ ವೈನ್ ಸಾಗುತ್ತಿದ್ದದ್ದು ನಿನ್ನೆ ಮೊನ್ನೆಯ ಮಾತಲ್ಲ ಅಂತ ಕಣ್ಣಾರೆ ಕಂಡ ಮೇಲೆ ಶುರು ಮಾಡಿದ್ದು ಒಳ್ಳೆಯದಾಯಿತು.

ದಿನ 2. ಪೀಸ್‌ಪೋರ್ಟ್. ಎಣಿಕೆ 1/12

ಇಡೀ ದಿನ ಸೈಕಲ್. ಮೋಸೆಲ್ ನೆಟ್ಟಗೆ ಹರಿಯುವ ನದಿಯಲ್ಲ, ಹಾವಿನ ಹಾಗೆ ಮಡಚಿ ಮಡಚಿ ಹೋಗುತ್ತದೆ. ಕಾಗೆ ಹಾರಿದರೆ ಹತ್ತಿರದ ಊರು, ದಂಡೆ ಹಿಡಿದು ಹೋದರೆ ಮುಗಿಯುವುದೇ ಇಲ್ಲ. ಆದರೆ ಈ ತಿರುವುಗಳಿಂದಲೇ ಇಲ್ಲಿ ವೈನ್ ಇದೆ. ಪ್ರತಿ ತಿರುವಿನಲ್ಲೂ ಒಂದು ಮಗ್ಗುಲು ದಕ್ಷಿಣದ ಬಿಸಿಲಿಗೆ ಮುಖ ಮಾಡಿರುತ್ತದೆ, ಅಲ್ಲಿ ದ್ರಾಕ್ಷಿ. ಎದುರಿನ ಮಗ್ಗುಲಿಗೆ ಬಿಸಿಲು ಸಾಲದು, ಅಲ್ಲಿ ಕಾಡು. ಇದನ್ನು ಒಮ್ಮೆ ಗಮನಿಸಿದ ಮೇಲೆ ಮ್ಯಾಪ್ ಬೇಕಾಗಲಿಲ್ಲ. ಬಳ್ಳಿ ಇರುವ ಕಡೆ ನೋಡಿದರೆ ದಿಕ್ಕು ಗೊತ್ತಾಗುತ್ತದೆ.

ಪೀಸ್‌ಪೋರ್ಟ್‌ನ ಗೋಲ್ಡ್‌ಟ್ರಾಪ್‌ಶೆನ್ ಗುಡ್ಡ ಮೊರದ ಹಾಗೆ ಬಾಗಿಕೊಂಡು ಬಿಸಿಲನ್ನೆಲ್ಲ ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹೆಸರಿನ ಅರ್ಥ ಚಿನ್ನದ ಹನಿ. ಬುಡದಲ್ಲಿ 4ನೇ ಶತಮಾನದ ರೋಮನ್ನರ ದ್ರಾಕ್ಷಿ ಹಿಂಡುವ ತೊಟ್ಟಿಗಳಿವೆ, 1985ರಲ್ಲಿ ಮಣ್ಣಿನಡಿ ಸಿಕ್ಕಿದ್ದು. ತೊಟ್ಟಿ ನೋಡಿ, ಅರ್ಧ ಗುಡ್ಡ ಹತ್ತಿ, ಇಳಿದು ಬಂದು ಒಂದು ಲೋಟ. ಪುಸ್ತಕದಲ್ಲಿ ಬರೆದುಕೊಂಡಿದ್ದು: ಪೀಚ್ ಹಣ್ಣು, ದಪ್ಪ, ಸಿಹಿ ಕಡೆಗೆ.

ದಿನ 3 ಮತ್ತು 4. ಬ್ರೌನೆಬೆರ್ಗ್, ಬೆರ್ನ್‌ಕಾಸ್ಟೆಲ್, ಗ್ರಾಖ್. ಎಣಿಕೆ 4/12

ಎರಡು ದಿನದಲ್ಲಿ ಮೂರು ಗುಡ್ಡ. ಆದರೆ ಬೇಜಾರಾದ ದಿನಗಳೂ ಇವೇ.

ಮೊದಲನೆಯದು, ಒಂದು ವೈನರಿಯಲ್ಲಿ ಬಾಗಿಲಿಂದಲೇ ವಾಪಸ್. ಮುಂಚೆ ಹೇಳದೆ ಹೋಗಿದ್ದೆವು. ಅಂಗಳದಲ್ಲಿ ಟ್ರ್ಯಾಕ್ಟರ್, ಬುಟ್ಟಿ ಬುಟ್ಟಿ ದ್ರಾಕ್ಷಿ, ಒಬ್ಬರಿಗೂ ತಲೆ ಎತ್ತಲು ಪುರುಸೊತ್ತಿಲ್ಲ. ತಪ್ಪು ನನ್ನದೇ. ಇಲ್ಲಿಯ ವೈನರಿಗಳಲ್ಲಿ ಹೆಚ್ಚಿನವು ಒಂದೊಂದು ಮನೆಯವರು ನಡೆಸುವಂಥವು, ರುಚಿ ತೋರಿಸುವವರೂ ಅವರೇ, ಕೊಯ್ಯುವವರೂ ಅವರೇ. ಅಕ್ಟೋಬರ್‌ನಲ್ಲಿ ಬರುವವರು ಎರಡು ದಿನ ಮುಂಚೆ ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಅವತ್ತು ಸಂಜೆಯೇ ಉಳಿದ ಎಲ್ಲ ಕಡೆಗೂ ಫೋನ್ ಮಾಡಿದೆ, ಒಬ್ಬರೂ ಇಲ್ಲ ಅನ್ನಲಿಲ್ಲ.

ಎರಡನೆಯದು, ಪರೀಕ್ಷೆ. ತಂಗಿ ನಾಲ್ಕು ಗುಡ್ಡದ ನಾಲ್ಕು ಲೋಟ ಸಾಲಾಗಿ ಇಟ್ಟಳು. ನಾಲ್ಕರಲ್ಲಿ ಒಂದು ಸರಿ.

"ಅಣ್ಣಾ, ನೀನು ಗುಡ್ಡ ಹೇಳುತ್ತಿಲ್ಲ, ಸಿಹಿ ಎಷ್ಟಿದೆ ಅಂತ ಹೇಳುತ್ತಿದ್ದೀಯ" ಅಂದಳು.

ಅವಳ ಮಾತು ನೂರಕ್ಕೆ ನೂರು ನಿಜ. ಒಂದು ಒಣ (ಅಂದರೆ ಸಿಹಿ ಇಲ್ಲದ) ವೈನ್, ಎರಡು ಕಬಿನೆಟ್, ಒಂದು ಔಸ್‌ಲೇಜೆ (ಇವೇನು ಅಂತ ಕೆಳಗೆ ಹೇಳುತ್ತೇನೆ) ಇಟ್ಟುಕೊಂಡು ಹೋಲಿಸಿದರೆ ನಾಲಿಗೆ ಸಿಹಿಯ ಹಿಂದೆಯೇ ಓಡುತ್ತದೆ, ಕಲ್ಲು ಮಣ್ಣಿನ ಗುರುತು ಎಲ್ಲಿ ಸಿಗಬೇಕು? ಅವತ್ತಿಂದ ನಿಯಮ ಬದಲು. ಪರೀಕ್ಷೆಯ ಎಲ್ಲ ಲೋಟವೂ ಕಬಿನೆಟ್, ಎಲ್ಲವೂ ಒಂದೇ ವರ್ಷದ್ದು.

ಲೇಬಲ್ ವಿಷಯ ಇಲ್ಲೇ ಬರೆದುಬಿಡುತ್ತೇನೆ, ನನಗೆ ತುಂಬಾ ತಲೆ ಕೆಡಿಸಿದ್ದು ಅದೇ. ಮೊದಲು ಊರಿನ ಹೆಸರು, ಆಮೇಲೆ ಗುಡ್ಡದ ಹೆಸರು. ಅದಾದ ಮೇಲೆ ಕಬಿನೆಟ್, ಸ್ಪೇಟ್‌ಲೇಜೆ, ಔಸ್‌ಲೇಜೆ ಅಂತ ಬರುತ್ತದಲ್ಲ, ಅದು ವೈನ್ ಎಷ್ಟು ಸಿಹಿ ಅಂತಲ್ಲ, ಕೊಯ್ಯುವಾಗ ದ್ರಾಕ್ಷಿ ಎಷ್ಟು ಮಾಗಿತ್ತು ಅಂತ. ಮಾಗಿದ ದ್ರಾಕ್ಷಿಯ ಸಕ್ಕರೆಯನ್ನೆಲ್ಲ ಹುಳಿಯಲು ಬಿಟ್ಟು ಒಣ ವೈನ್ ಮಾಡಬಹುದು, ಅರ್ಧದಲ್ಲಿ ನಿಲ್ಲಿಸಿ ಸಿಹಿ ಉಳಿಸಲೂಬಹುದು. ಹಾಗಾದರೆ ಬಾಟಲಿ ತೆಗೆಯದೆ ತಿಳಿಯೋದು ಹೇಗೆ? ಆಲ್ಕೋಹಾಲ್ ಅಂಕಿ ನೋಡಿ. ಸಕ್ಕರೆಯೇ ಆಲ್ಕೋಹಾಲ್ ಆಗುವುದು, ಹೆಚ್ಚುಕಮ್ಮಿ ಲೀಟರಿಗೆ 17 ಗ್ರಾಂ ಸಕ್ಕರೆ ಹೋದರೆ 1% ಬರುತ್ತದೆ. ಇಲ್ಲಿಯ ರೀಸ್ಲಿಂಗ್‌ನಲ್ಲಿ 8% ಅಂತ ಇದ್ದರೆ ಸಕ್ಕರೆ ಬಾಟಲಿಯಲ್ಲೇ ಉಳಿದಿದೆ, 12% ಇದ್ದರೆ ಬಹುಪಾಲು ಆಲ್ಕೋಹಾಲ್ ಆಗಿಹೋಗಿದೆ. 'ಟ್ರೋಕೆನ್' ಅಂತ ಬರೆದಿದ್ದರೆ ಒಣ ವೈನ್, ಅನುಮಾನವೇ ಬೇಡ. ಈ ಒಂದು ಲೆಕ್ಕ ನನ್ನ ಉಳಿದ ಆರು ದಿನ ಕಾಪಾಡಿತು.

ಬೆರ್ನ್‌ಕಾಸ್ಟೆಲ್‌ನಲ್ಲಿ ಹತ್ತಿದ್ದು ಡಾಕ್ಟರ್ ಗುಡ್ಡ. ಊರ ಮನೆಗಳ ಹೆಂಚಿನ ಮೇಲೆಯೇ ನಿಂತ ಹಾಗಿದೆ. ಜ್ವರ ಬಿದ್ದ ಆರ್ಚ್‌ಬಿಷಪ್ ಒಬ್ಬರು ಈ ಗುಡ್ಡದ ವೈನ್ ಕುಡಿದು ಎದ್ದು ಕೂತರು, ಅದಕ್ಕೇ ಆ ಹೆಸರು ಅಂತ ಕಥೆ ಹೇಳುತ್ತಾರೆ. ನನಗೆ ಅದಕ್ಕಿಂತ ಹಿಡಿಸಿದ್ದು ಎದುರು ದಂಡೆಯ ಕೂಸ್‌ನಲ್ಲಿರುವ ಆಸ್ಪತ್ರೆ. ಅದೇ ಊರಿನಲ್ಲಿ 1401ರಲ್ಲಿ ಹುಟ್ಟಿದ ತತ್ವಜ್ಞಾನಿ ನಿಕೋಲಸ್ ಕುಸಾನಸ್ ಕಟ್ಟಿಸಿದ್ದು, 33 ಜನ ವಯಸ್ಸಾದವರ ಆಶ್ರಯಕ್ಕೆ. ಯೇಸು ಬದುಕಿದ್ದ ವರ್ಷಗಳ ಲೆಕ್ಕಕ್ಕೆ ಆ 33. ಇವತ್ತಿಗೂ ಅದು ವೃದ್ಧಾಶ್ರಮವೇ, ಅದಕ್ಕೆ ತನ್ನದೇ ದ್ರಾಕ್ಷಿತೋಟಗಳೂ ಇವೆ. ಮೇಲೆ ಅಜ್ಜ ಅಜ್ಜಿಯರು ಬಿಸಿಲಿಗೆ ಕೂತಿದ್ದರು, ಕೆಳಗೆ ನೆಲಮಾಳಿಗೆಯಲ್ಲಿ ವೈನ್ ರುಚಿ ನೋಡುವ ಜಾಗ.

ದಿನ 5. ವೇಲೆನ್. ಎಣಿಕೆ 5/12

ಒಂದೇ ಗುಡ್ಡ, ಇಡೀ ದಿನ. ಇದರ ಹೆಸರು ಜೊನ್ನೆನ್‌ಊರ್, ಅಂದರೆ ಬಿಸಿಲು ಗಡಿಯಾರ. ಹೆಸರಿಗಷ್ಟೇ ಅಲ್ಲ, 1842ರಲ್ಲಿ ಕಟ್ಟಿದ ಗಡಿಯಾರ ಗುಡ್ಡದ ನಡುವೆ ಬಂಡೆಯ ಮೇಲೆ ಈಗಲೂ ಇದೆ, ತೋಟದಲ್ಲಿ ದುಡಿಯುವವರಿಗೆ ಹೊತ್ತು ತಿಳಿಯಲಿ ಅಂತ. ಊರು ನದಿಯ ಈಚೆ, ಗುಡ್ಡ ಆಚೆ. ಸೇತುವೆ ದಾಟಿ ಹತ್ತಿದೆವು. ಫೋನಿನಲ್ಲಿ 3 ಗಂಟೆ 20 ನಿಮಿಷ. ಗಡಿಯಾರದ ನೆರಳು 2ರ ಮೇಲೆ. ಕೆಟ್ಟಿಲ್ಲ, ಅದಕ್ಕೆ ಗೊತ್ತಿರುವುದು ನಿಜವಾದ ಸೂರ್ಯನ ಹೊತ್ತು ಮಾತ್ರ. ಬೇಸಿಗೆ ಸಮಯ ಅಂತ ಒಂದು ಗಂಟೆ ಮುಂದೆ ತಿರುಗಿಸಿಕೊಂಡವರು ನಾವು, ಉಳಿದ ಇಪ್ಪತ್ತು ನಿಮಿಷ ಈ ಊರಿನ ಸೂರ್ಯನಿಗೂ ದೇಶದ ಗಡಿಯಾರಕ್ಕೂ ಇರುವ ವ್ಯತ್ಯಾಸ.

ಕಾಲಡಿ ಪೂರ್ತಿ ಸ್ಲೇಟು ಕಲ್ಲು. ಚಿಕ್ಕವರಿದ್ದಾಗ ಬಳಪದಲ್ಲಿ ಬರೆಯುತ್ತಿದ್ದೆವಲ್ಲ, ಆ ಸ್ಲೇಟಿನದೇ ಜಾತಿ. ನೀಲಿ ಬೂದು ಬಣ್ಣ, ಅಂಗೈ ಅಗಲದ ತೆಳು ಹಲ್ಲೆಗಳು, ಹೆಜ್ಜೆ ಇಟ್ಟರೆ ಟಿಣ್ ಟಿಣ್ ಅಂತ ಜಾರುತ್ತವೆ. ಮಣ್ಣು ಹುಡುಕಬೇಕು ಅಂದರೆ ಕಲ್ಲು ಎತ್ತಿ ನೋಡಬೇಕು. ಒಂದು ಹಲ್ಲೆ ಎತ್ತಿ ಕೆನ್ನೆಗೆ ಒತ್ತಿಕೊಂಡೆ, ಆಗಷ್ಟೇ ಒಲೆಯಿಂದ ಇಳಿಸಿದ ಹೆಂಚಿನ ಹಾಗೆ ಬೆಚ್ಚಗೆ. ಗಾಳಿ ಮಾತ್ರ ತಣ್ಣಗೆ ಬೀಸುತ್ತಿತ್ತು. ಇಷ್ಟು ಉತ್ತರದಲ್ಲಿ, ಇಷ್ಟು ಚಳಿ ಇರುವ ಕಡೆ ರೀಸ್ಲಿಂಗ್ ಮಾಗುವುದರ ಗುಟ್ಟು ಇದೇ: ಹಗಲು ಕಲ್ಲು ಕಾಯುತ್ತದೆ, ರಾತ್ರಿ ಆ ಕಾವನ್ನು ಬಳ್ಳಿಗೆ ವಾಪಸ್ ಕೊಡುತ್ತದೆ, ಕೆಳಗಿನ ನದಿ ಬಿಸಿಲನ್ನು ಮೇಲಕ್ಕೆ ಎರಚುತ್ತದೆ. ಇದನ್ನೆಲ್ಲ ನಾನು ಮುಂಚೆಯೇ ಓದಿದ್ದೆ. ಆದರೆ ಕೆನ್ನೆಗೆ ಕಲ್ಲು ತಾಗಿದ ಮೇಲೆ ಅದು ಓದಿದ ವಿಷಯವಾಗಿ ಉಳಿಯಲಿಲ್ಲ.

ಬಳ್ಳಿಗೆ ಇಲ್ಲಿ ಚಪ್ಪರ ಇಲ್ಲ. ಹಳೆಯ ತೋಟಗಳಲ್ಲಿ ಒಂದು ಬಳ್ಳಿಗೆ ಒಂದು ಗೂಟ. ಎರಡು ಕೊಂಬೆಗಳನ್ನು ಎಡಕ್ಕೊಂದು ಬಲಕ್ಕೊಂದು ಬಗ್ಗಿಸಿ, ತುದಿಯನ್ನು ಬುಡದ ಹತ್ತಿರ ತಂದು ಕಟ್ಟಿರುತ್ತಾರೆ, ಹೃದಯದ ಚಿತ್ರದ ಹಾಗೆ. ತಂತಿ ಸಾಲು ಇಲ್ಲದ್ದರಿಂದ ಇಳಿಜಾರಿನಲ್ಲಿ ಅಡ್ಡಡ್ಡ ನಡೆದಾಡಬಹುದು. ನೆಟ್ಟಗೆ ಹತ್ತಿದರೆ ಎದೆ ಒಡೆದುಹೋಗುತ್ತದೆ.

ಸಂಜೆ ಅದೇ ಗುಡ್ಡದ ಕಬಿನೆಟ್. ತುಂಬಾ ತಣ್ಣಗಿತ್ತು, ಏನೂ ಗೊತ್ತಾಗಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹತ್ತು ನಿಮಿಷ ಕಾದೆ. ಆಮೇಲೆ ಬಂತು ನೋಡಿ: ಹಸಿರು ಸೇಬು, ನಿಂಬೆ ಸಿಪ್ಪೆ, ಕೊನೆಗೆ ಮಳೆ ಬಿದ್ದ ಕಲ್ಲಿನ ವಾಸನೆ. ಹುಳಿ ಮತ್ತು ಸಿಹಿ ಎರಡೂ ಇದ್ದವು, ಒಂದು ಇನ್ನೊಂದನ್ನು ಮುಚ್ಚಲಿಲ್ಲ. ಈ ರಜೆಯಲ್ಲಿ ನಾನು ಕುಡಿದ ಅತ್ಯಂತ ಒಳ್ಳೆಯ ಲೋಟ ಇದೇ.

ದಿನ 6. ಊರ್ಟ್ಸಿಗ್, ಏರ್ಡೆನ್. ಎಣಿಕೆ 7/12

ಒಂದು ತಿರುವು ದಾಟಿದರೆ ಕಲ್ಲಿನ ಬಣ್ಣವೇ ಬೇರೆ. ಊರ್ಟ್ಸಿಗ್‌ನ ವೂರ್ಟ್ಸ್‌ಗಾರ್ಟೆನ್ ಗುಡ್ಡ ಇಟ್ಟಿಗೆ ಕೆಂಪು, ಬೂಟಿನ ತುಂಬಾ ಕೆಂಪು ಧೂಳು. ಹೆಸರಿನ ಅರ್ಥ ಮಸಾಲೆ ತೋಟ, ವೈನ್‌ನಲ್ಲೂ ಶುಂಠಿಯ ಹಾಗೆ ಒಂದು ಚುರುಕು. ತಲೆ ಎತ್ತಿದರೆ ಕಣಿವೆಗೆ ಅಡ್ಡಲಾಗಿ 2019ರಲ್ಲಿ ತೆರೆದ ಹೋಖ್‌ಮೋಸೆಲ್ ಸೇತುವೆ, ನದಿಯಿಂದ ಸುಮಾರು 160 ಮೀಟರ್ ಎತ್ತರದಲ್ಲಿ. ಅಷ್ಟು ಸುಂದರ ಕಣಿವೆಯ ಮೇಲೆ ಹೆದ್ದಾರಿ ಹಾಕಿದ್ದು ನನಗೆ ಇಷ್ಟವಾಗಲಿಲ್ಲ.

ಎರಡನೇ ಪರೀಕ್ಷೆ. ನಾಲ್ಕು ಕಬಿನೆಟ್, ಒಂದೇ ವರ್ಷ. ನಾಲ್ಕರಲ್ಲಿ ಮೂರು ಸರಿ! ಕೆಂಪು ಕಲ್ಲು ಯಾವುದು, ನೀಲಿ ಕಲ್ಲು ಯಾವುದು ಅಂತ ಒಂದೇ ಗುಟುಕಿಗೆ ಗೊತ್ತಾಯಿತು. ತಪ್ಪಿದ್ದು ಗ್ರಾಖ್, ಅದನ್ನು ವೇಲೆನ್ ಅಂದೆ. ಅವೆರಡೂ ಪಕ್ಕಪಕ್ಕದ ಗುಡ್ಡಗಳು, ಹಾಗಾಗಿ ಈ ತಪ್ಪಿಗೂ ನನಗೆ ಖುಷಿಯೇ ಆಯಿತು. ಒಂದು ವಿಷಯ ಮಾತ್ರ ಹೇಳಲೇಬೇಕು, ಇವು ಬೇರೆಬೇರೆ ಮನೆಯವರು ಮಾಡಿದ ವೈನ್‌ಗಳು, ಮಾಡುವವರ ಕೈಗುಣವೂ ಇದರಲ್ಲಿ ಸೇರಿರುತ್ತದೆ. ಸರಿಯಾದ ಪರೀಕ್ಷೆಗೆ ಒಂದೇ ಮನೆಯವರ ನಾಲ್ಕು ಗುಡ್ಡ ಬೇಕು.

ರುಚಿ ನೋಡಿ ಉಗುಳುತ್ತಿದ್ದೇನೆ, ಅದಕ್ಕೆ ಅಂತಲೇ ಬಕೆಟ್ ಇಟ್ಟಿರುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಒಂದು ಮಧ್ಯಾಹ್ನ ಎಂಟು ವೈನ್ ನೋಡಿ ಮತ್ತೆ ಸೈಕಲ್ ಹತ್ತಬೇಕು ಅಂದರೆ ಬೇರೆ ದಾರಿ ಇಲ್ಲ.

ದಿನ 7. ಟ್ರಾಬೆನ್-ಟ್ರಾರ್‌ಬಾಖ್. ಎಣಿಕೆ 7/12

ಮಳೆ. ಫೆಡರ್‌ವೈಸರ್ ಅಂತ ಇನ್ನೂ ಹುಳಿಯುತ್ತಿರುವ ಹೊಸ ವೈನ್ ಈ ಕಾಲದಲ್ಲಿ ಸಿಗುತ್ತದೆ, ಮಜ್ಜಿಗೆಯ ಹಾಗೆ ಮಬ್ಬು, ನೊರೆ ನೊರೆ. ಒಂದು ಬಾಟಲಿ ಕೊಂಡು ಸೈಕಲ್ ಚೀಲದಲ್ಲಿ ಮಲಗಿಸಿಟ್ಟೆ. ಗ್ಯಾಸ್ ಹೊರಗೆ ಹೋಗಲಿ ಅಂತ ಅದರ ಮುಚ್ಚಳ ಬಿಗಿಯಾಗಿ ಹಾಕಿರುವುದಿಲ್ಲ. ಅರ್ಧ ಬಾಟಲಿ ಚೆಲ್ಲಿ ನನ್ನ ಟಿಪ್ಪಣಿ ಪುಸ್ತಕದ ಮೊದಲ ಹತ್ತು ಪುಟ ಒದ್ದೆ. ಸಂಜೆಯೆಲ್ಲ ತಂಗಿ ಓದಿ ಹೇಳಿದಳು, ನಾನು ಹೊಸ ಪುಸ್ತಕಕ್ಕೆ ಬರೆದುಕೊಂಡೆ. ಕೊಂಡವರು ನೆಟ್ಟಗೆ ನಿಲ್ಲಿಸಿ ಇಟ್ಟುಕೊಳ್ಳಿ.

ದಿನ 8. ಬ್ರೆಮ್. ಎಣಿಕೆ 8/12

ಕಾಲ್‌ಮಾಂಟ್. ಯುರೋಪಿನ ಅತ್ಯಂತ ಕಡಿದಾದ ದ್ರಾಕ್ಷಿ ಗುಡ್ಡಗಳಲ್ಲಿ ಒಂದು, ಕೆಲವು ಕಡೆ 60 ಡಿಗ್ರಿಗಿಂತ ಜಾಸ್ತಿ ಇಳಿಜಾರು. ಎಲ್ಲರ್‌ನಿಂದ ಬ್ರೆಮ್‌ಗೆ ಗುಡ್ಡದ ಮೈಮೇಲೆಯೇ ದಾರಿ ಇದೆ, ಏಣಿಗಳು, ಕಬ್ಬಿಣದ ಮೆಟ್ಟಿಲು, ಹಿಡಿಯಲು ಉಕ್ಕಿನ ಹಗ್ಗ. ಒಂದು ಮಗ್ಗುಲಲ್ಲಿ ಬಳ್ಳಿ ಭುಜಕ್ಕೆ ತಾಗುತ್ತದೆ, ಇನ್ನೊಂದು ಮಗ್ಗುಲಲ್ಲಿ ಬೂಟಿನ ತುದಿಗೆ ನದಿ ಕಾಣುತ್ತದೆ. ಮಳೆ ಬಿದ್ದ ಮರುದಿನ ಕಲ್ಲು ಜಾರುತ್ತಿತ್ತು, ಹನ್ನೊಂದರ ತನಕ ಒಣಗಲು ಬಿಟ್ಟು ಹತ್ತಿದೆವು.

ನಡುವೆ ಒಂದು ಕಡೆ ಕೊಯ್ಲು ನಡೆದಿತ್ತು. ಒಂಟಿ ಹಳಿಯ ಪುಟ್ಟ ಗಾಡಿ ಗರಗರ ಅಂತ ಮೇಲೇರಿ ಬಂತು, ಬುಟ್ಟಿಗಳನ್ನು ಅದಕ್ಕೇರಿಸುತ್ತಾರೆ. ಗಾಡಿ ಹೋಗದ ಕಡೆ ಬೆನ್ನ ಮೇಲೆ ಹೊತ್ತು ತರಬೇಕು. ಒಬ್ಬ ಹೆಂಗಸು ಮೊಣಕಾಲನ್ನು ಗೂಟಕ್ಕೆ ಒತ್ತಿ ನಿಂತು, ಎಡಗೈಯಲ್ಲಿ ಗೊಂಚಲು ಹಿಡಿದು, ಕತ್ತರಿಯ ತುದಿಯಿಂದ ಕೊಳೆತ ಹಣ್ಣನ್ನಷ್ಟೇ ಒಂದೊಂದಾಗಿ ತೆಗೆದು ಬೀಳಿಸಿ, ಆಮೇಲೆ ಗೊಂಚಲು ಕತ್ತರಿಸುತ್ತಿದ್ದರು. ನಾನು ನೋಡುತ್ತಿರುವುದು ಕಂಡು ಒಂದು ಹಣ್ಣು ಕಿತ್ತು ಕೊಟ್ಟರು. ಚಿಕ್ಕದು, ಹಳದಿ, ಸಿಪ್ಪೆಯ ಮೇಲೆ ಕಂದು ಚುಕ್ಕೆ. ಜೇನಿನಷ್ಟು ಸಿಹಿ, ಹಿಂದೆಯೇ ಕಣ್ಣು ಮುಚ್ಚಿಸುವ ಹುಳಿ. ಬೀಜ ಕಡಿದರೆ ಕಡಲೆ ಹುರಿದ ರುಚಿ. ಮಷೀನು ಹತ್ತದ ಜಾಗದಲ್ಲಿ ಬಯಲಿನ ತೋಟಕ್ಕಿಂತ ಹಲವು ಪಟ್ಟು ಜಾಸ್ತಿ ದುಡಿಮೆ. ಇಂಥ ಗುಡ್ಡಗಳ ಎಷ್ಟೋ ಹಳೆಯ ಪಟ್ಟಿಗಳು ಪೊದೆ ಬೆಳೆದು ಹಾಳುಬಿದ್ದಿರುವುದನ್ನೂ ದಾರಿಯುದ್ದಕ್ಕೂ ಕಂಡೆ, ಸಂಕಟವಾಯಿತು. ಈ ವೈನ್‌ಗೆ ಎರಡು ಯೂರೋ ಜಾಸ್ತಿ ಕೇಳಿದರೆ ಇನ್ನು ಮುಂದೆ ನಾನು ಮಾತಾಡುವುದಿಲ್ಲ.

ದಿನ 9. ವಿನ್ನಿಂಗೆನ್. ಎಣಿಕೆ 9/12

ಕೋಬ್ಲೆನ್ಜ್ ಹತ್ತಿರ, ನದಿ ರೈನ್ ಸೇರುವ ಮುಂಚೆ. ಇಲ್ಲಿ ಗುಡ್ಡಕ್ಕೆ ಕಲ್ಲಿನ ಒಣಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ತೋಟ. ಊಲೆನ್ ಗುಡ್ಡದ ಒಣ ರೀಸ್ಲಿಂಗ್ ಕುಡಿದೆ, ನದಿಯ ಮೇಲ್ಭಾಗದ ಗುಡ್ಡಗಳ ವೈನ್‌ಗಿಂತ ದಪ್ಪ, ಗಟ್ಟಿ. ನನಗೆ ಕಬಿನೆಟ್‌ಗಳೇ ಹೆಚ್ಚು ಹಿಡಿಸಿದವು.

ದಿನ 10. ಲೆಕ್ಕ

ಕೊನೆಯ ಪರೀಕ್ಷೆ, ಐದು ಲೋಟ, ನಾಲ್ಕು ಸರಿ. ಈ ಸಲ ತಪ್ಪಿದ್ದು ಪೀಸ್‌ಪೋರ್ಟ್. ಮೊದಲು ಹತ್ತಿದ ಗುಡ್ಡವೇ ಕೈಕೊಟ್ಟಿತು. ಅಲ್ಲಿ ಅರ್ಧ ಮಾತ್ರ ಹತ್ತಿದ್ದೆ ಅಂತ ತಂಗಿ ನೆನಪಿಸಿದಳು.

ಬಾಕಿ ಉಳಿದ ಮೂರೂ ಸಾರ್ ಉಪನದಿಯ ಮೇಲಿವೆ: ಶಾರ್ಟ್ಸ್‌ಹೋಫ್‌ಬೆರ್ಗ್, ಐಲ್‌ನ ಕುಪ್, ಓಕ್‌ಫೆನ್‌ನ ಬಾಕ್‌ಸ್ಟೈನ್. ಅಲ್ಲಿ ಇನ್ನೂ ಚಳಿ, ವೈನ್‌ನಲ್ಲಿ ಹುಳಿಯೂ ಜಾಸ್ತಿ. ಮುಂದಿನ ಸಲ ಕೊಯ್ಲಿಗೆ ಬರುವುದಿಲ್ಲ, ಚಳಿಗಾಲ ಮುಗಿಯುವ ಹೊತ್ತಿಗೆ ಬರುತ್ತೇವೆ. ಒಣ ಕೊಂಬೆ ಬಗ್ಗಿಸಿದರೆ ಮುರಿಯುತ್ತದೆ, ಹಾಗಾಗಿ ಮಂಜು ಹನಿ ಹಿಡಿದ ತೇವದ ದಿನ ನೋಡಿಕೊಂಡು ಆ ಹೃದಯದ ಕಟ್ಟು ಕಟ್ಟುತ್ತಾರಂತೆ. ಅದನ್ನು ನೋಡಬೇಕು. ಪೀಸ್‌ಪೋರ್ಟ್ ಗುಡ್ಡದ ಉಳಿದರ್ಧವನ್ನೂ ಹತ್ತಬೇಕು.